ಋಣ, ಧನ, ಶೂನ್ಯ: ಬ್ರಹ್ಮಗುಪ್ತನ ಬದುಕು ಮತ್ತು ಪರಿಭಾಷೆ

ಭಾರತೀಯ ಶಾಸ್ತ್ರಸಾಹಿತ್ಯದಲ್ಲಿ ಬ್ರಹ್ಮಗುಪ್ತನ ಹೆಸರು ಗಣಿತ ಮತ್ತು ಜ್ಯೋತಿಶ್ಶಾಸ್ತ್ರಗಳ ಸಂದರ್ಭದಲ್ಲಿ ಮಾತ್ರ ಪ್ರಸ್ತಾಪವಾಗುವುದು ರೂಢಿ. ಆತನ ಸಾಧನೆಯನ್ನು ಪರಿಭಾಷಾ ನಿರ್ಮಾಣದ ನೆಲೆಯಿಂದಲೂ ಪರಿಶೀಲಿಸುವ ಅಗತ್ಯವಿದೆ.

ಜಿಷ್ಣುವಿನ ಮಗನಾದ ಬ್ರಹ್ಮಗುಪ್ತ ಜನಿಸಿದ್ದು ಕ್ರಿ.ಶ. 598ರಲ್ಲಿ. ಇಂದಿನ ರಾಜಸ್ಥಾನದ ಭೀನ್‌ಮಾಲ್ ಎಂಬ ಊರೇ ಆತನ ಹೆಸರಿನೊಂದಿಗೆ ಬೆಸೆದುಕೊಂಡಿರುವ ಭಿಲ್ಲಮಾಲ. ಚಾಪವಂಶದ ವ್ಯಾಘ್ರಮುಖನ ಆಳ್ವಿಕೆಯಲ್ಲಿ, ಕ್ರಿ.ಶ. 628ರಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿ ಆತ ‘ಬ್ರಾಹ್ಮಸ್ಫುಟಸಿದ್ಧಾಂತ’ವನ್ನು ರಚಿಸಿದನು. ಪದ್ಯರೂಪದ ಈ ಗ್ರಂಥದ 18ನೆಯ ಅಧ್ಯಾಯವಾದ ಕುಟ್ಟಕಾಧ್ಯಾಯದಲ್ಲಿ ಧನ, ಋಣ, ಶೂನ್ಯಗಳ ಪರಿಕರ್ಮ ನಿಯಮಗಳಿವೆ.

ಎರಡು ಧನಗಳ ಮೊತ್ತ ಧನ. ಎರಡು ಋಣಗಳ ಮೊತ್ತ ಋಣ. ಧನ ಋಣಗಳು ಕೂಡಿದರೆ ಅವುಗಳ ಅಂತರವೇ ಫಲ, ಎರಡೂ ಸಮನಾಗಿದ್ದರೆ ಶೂನ್ಯ. ವ್ಯವಕಲನದಲ್ಲಿ ಧನದಿಂದ ಋಣವನ್ನು ಕಳೆಯಬೇಕಾದಾಗ ಕೂಡಬೇಕೆಂಬುದು ಆತನ ವಿಧಿ. ಎಂಟು ನಾಣ್ಯಗಳುಳ್ಳವನಿಗೆ ಮೂರು ನಾಣ್ಯಗಳ ಸಾಲವಿದ್ದರೆ ಅವನ ನಿಜವಾದ ಆಸ್ತಿ ಐದು. ಸಾಲ ಮನ್ನಾ ಆದರೆ ಅದು ಎಂಟಾಗುತ್ತದೆ. ಐದರಿಂದ ಋಣ ಮೂರನ್ನು ಕಳೆದರೆ ಎಂಟು ಬರುವುದರ ಅರ್ಥ ಇದೇ.

ಋಣಸಂಖ್ಯೆಗಳ ಬಳಕೆ ಬ್ರಹ್ಮಗುಪ್ತನಿಗಿಂತ ಹಿಂದೆಯೇ ಚೀನಾದ ಗಣಿತದಲ್ಲಿತ್ತು. ಆದ್ದರಿಂದ ಆತನನ್ನು ಅವುಗಳ ಮೊದಲ ಶೋಧಕನೆನ್ನುವುದು ಸಲ್ಲದು. ಧನ, ಋಣಗಳೊಡನೆ ಶೂನ್ಯವನ್ನೂ ಸಂಖ್ಯೆಯಾಗಿ ಪರಿಗಣಿಸಿ ಮೂರನ್ನೂ ಒಂದೇ ವ್ಯವಸ್ಥೆಗೆ ಒಳಪಡಿಸಿದ್ದು ಆತನ ವೈಶಿಷ್ಟ್ಯ. ಪಿತೃಋಣ, ಅನ್ನದ ಋಣ ಮುಂತಾದ ಪ್ರಯೋಗಗಳಲ್ಲಿ ‘ಋಣ’ಕ್ಕೆ ನೈತಿಕ ಭಾರವಿದೆ. ಗಣಿತದಲ್ಲಿ ಆ ಭಾರ ಕಳಚಿ, ಋಣವು ಧನಕ್ಕೆ ಸಮಾನ ಸ್ಥಾನವುಳ್ಳ ಪರಿಕಲ್ಪನೆಯಾಯಿತು.

ಈ ಪ್ರತಿಭೆಗೆ ಮಿತಿಗಳೂ ಇದ್ದವು. ಶೂನ್ಯವನ್ನು ಶೂನ್ಯದಿಂದ ಭಾಗಿಸಿದರೆ ಶೂನ್ಯವೇ ಬರುತ್ತದೆಂದು ಆತ ಭಾವಿಸಿದ್ದನು. ಭೂಮಿಯ ಆವರ್ತನೆಯನ್ನು ಪ್ರತಿಪಾದಿಸಿದ ಆರ್ಯಭಟನನ್ನು ಕಟುವಾಗಿ ಖಂಡಿಸಿದನು. ಆದರೆ 665ರಲ್ಲಿ, ಅರವತ್ತೇಳರ ವಯಸ್ಸಿನಲ್ಲಿ ರಚಿಸಿದ ‘ಖಂಡಖಾದ್ಯಕ’ದಲ್ಲಿ ಅದೇ ಆರ್ಯಭಟನ ಅರ್ಧರಾತ್ರಿಕ ಪದ್ಧತಿಯನ್ನು ಆಧಾರವಾಗಿ ಸ್ವೀಕರಿಸಿ, ತನ್ನ ತಿದ್ದುಪಡಿಗಳನ್ನು ಸೇರಿಸಿದನು. ತಾರುಣ್ಯದ ಖಂಡನೆಯನ್ನಷ್ಟೇ ಓದಿ ಬ್ರಹ್ಮಗುಪ್ತನನ್ನು ಆರ್ಯಭಟವಿರೋಧಿಯೆಂದು ನಿರ್ಣಯಿಸುವವರು ಈ ಕೃತಿಯನ್ನು ಗಮನಿಸಬೇಕು. ಪೂರ್ವಸೂರಿಯ ಋಣ ಇಲ್ಲಿ ಸ್ಪಷ್ಟವಾಗಿದೆ.

ಎಂಟನೆಯ ಶತಮಾನದಲ್ಲಿ ಬ್ರಹ್ಮಗುಪ್ತನ ಜ್ಯೋತಿಶ್ಶಾಸ್ತ್ರ ಬಾಗ್ದಾದಿನ ಅರಬ್ಬೀ ವಿದ್ವಾಂಸರನ್ನು ತಲುಪಿತು. ಒಂಬತ್ತನೆಯ ಶತಮಾನದಲ್ಲಿ, ‘ಕವಿರಾಜಮಾರ್ಗ’ ರೂಪುಗೊಂಡ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿಯೇ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಧನಋಣಗಳ ನಿಯಮಗಳನ್ನು ನಿರೂಪಿಸಿದನು. ಋಣಕ್ಕೆ ವರ್ಗಮೂಲವಿಲ್ಲವೆಂಬುದನ್ನೂ ಅಲ್ಲಿ ಸ್ಪಷ್ಟಪಡಿಸಿದನು. ಯುರೋಪಿನಲ್ಲಿಯಾದರೋ 1758ರಷ್ಟು ಈಚೆಗೆ ಇಂಗ್ಲೆಂಡಿನ ಫ್ರಾನ್ಸಿಸ್ ಮೇಸರ್ಸ್ ಋಣಸಂಖ್ಯೆಗಳ ಔಚಿತ್ಯವನ್ನೇ ಪ್ರಶ್ನಿಸಿದ್ದನು.

ಕನ್ನಡ ಶಾಲೆಯ ಮಗು ಇಂದಿಗೂ ಧನ, ಋಣ ಎಂಬ ಮಾತುಗಳಲ್ಲಿಯೇ ಪೂರ್ಣಾಂಕಗಳನ್ನು ಕಲಿಯುತ್ತದೆ. ಪರಿಭಾಷೆಯ ಕೊರತೆಯೇ ಕನ್ನಡದಲ್ಲಿ ವಿಜ್ಞಾನ ಬೋಧನೆಗೆ ತೊಡಕೆಂಬ ವಾದವನ್ನು ಪರಿಶೀಲಿಸುವಾಗ ಈ ಎರಡು ಪದಗಳ ಚರಿತ್ರೆಯನ್ನು ಮರೆಯಲಾಗದು. ಬಾಳಿದ ಮಾತಿಗೆ ಖಚಿತವಾದ ನಿಯಮ ದೊರೆತಾಗ ಅದು ಶಾಸ್ತ್ರದ ಮಾತಾಗುತ್ತದೆ ಎಂಬುದಕ್ಕೆ ಬ್ರಹ್ಮಗುಪ್ತನ ಕೃತಿ ನಿದರ್ಶನವಾಗಿದೆ.