ಕಾಫಿ ತೋಟದ ಮೇಸ್ತ್ರಿ ಯೋಗಕ್ಕೇ ಮೇಷ್ಟ್ರಾದರು

ಅಜ್ಜಂಪುರದಿಂದ ಹೊಸದುರ್ಗದ ಬಸ್ಸು ಹತ್ತಿದರೆ ಚಿತ್ರದುರ್ಗ ಜಿಲ್ಲೆ. ಕಡೂರು ಬಿಟ್ಟು ಅರಸೀಕೆರೆ ಕಡೆ ಹೋದರೆ ಹಾಸನ ಜಿಲ್ಲೆ. ಇವತ್ತು ಅಮೆರಿಕ, ಯೂರೋಪಿನವರು ದುಡ್ಡು ಕೊಟ್ಟು ಕಲಿಯುವ ಯೋಗದ ಬೇರು ಹುಡುಕುತ್ತಾ ಹೋದರೆ ನಮ್ಮ ಪಕ್ಕದ ಈ ಎರಡು ಜಿಲ್ಲೆಗಳೇ ಸಿಗುತ್ತವೆ. ಅದಕ್ಕೆ ಕಾರಣರಾದವರು ತಿರುಮಲೈ ಕೃಷ್ಣಮಾಚಾರ್ಯರು.

ಹುಟ್ಟಿದ್ದು 1888ರ ನವೆಂಬರ್ 18ರಂದು, ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ಹತ್ತು ವರ್ಷದವರಿದ್ದಾಗಲೇ ತಂದೆ ತೀರಿಕೊಂಡರು. ಮನೆಮಂದಿ ಮೈಸೂರು ಸೇರಿದರು. ಮೈಸೂರು, ಕಾಶಿಗಳಲ್ಲಿ ಸಂಸ್ಕೃತ ಶಾಸ್ತ್ರಗಳನ್ನು ಓದಿದರು. ಮಾನಸ ಸರೋವರದ ಬಳಿ ರಾಮಮೋಹನ ಬ್ರಹ್ಮಚಾರಿ ಎಂಬ ಗುರುವಿನಿಂದ ಏಳೂವರೆ ವರ್ಷ ಯೋಗ ಕಲಿತೆನೆಂದು ಅವರೇ ಹೇಳಿಕೊಂಡಿದ್ದರು. ಗುರು ದಕ್ಷಿಣೆಯಾಗಿ ಹಣ ಕೇಳಲಿಲ್ಲವಂತೆ. ಊರಿಗೆ ಹೋಗಿ, ಸಂಸಾರಿಯಾಗಿ, ಯೋಗ ಕಲಿಸಬೇಕು ಅಂದರಂತೆ.

ಮಾತೇನೋ ಉಳಿಸಿಕೊಂಡರು. ಆದರೆ ಹೊಟ್ಟೆ ಕೇಳಬೇಕಲ್ಲ? 1925ರಲ್ಲಿ ನಾಮಗಿರಿಯಮ್ಮನವರ ಕೈಹಿಡಿದ ಪಂಡಿತರು ಹೊಟ್ಟೆಪಾಡಿಗೆ ಹಾಸನ ಜಿಲ್ಲೆಯ ಕಾಫಿ ತೋಟದಲ್ಲಿ ಮೇಸ್ತ್ರಿಯಾದರು. ಜೊತೆಗೆ ಅಲ್ಲಿ ಇಲ್ಲಿ ಯೋಗದ ಭಾಷಣ, ಪ್ರದರ್ಶನ. 1927ರಲ್ಲಿ ಹಾಸನದ ಪ್ರದರ್ಶನ ಕಂಡು ಬೆರಗಾದ 12ರ ಹುಡುಗ, ಕೌಶಿಕದ ಪಟ್ಟಾಭಿ ಜೋಯಿಸರು, ಶಿಷ್ಯರಾಗಿಬಿಟ್ಟರು.

ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕೈಹಿಡಿದರು. 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾಯಿತು. ಮರುವರ್ಷ ಕನ್ನಡದಲ್ಲೇ 'ಯೋಗಮಕರಂದ' ಪುಸ್ತಕ ಬಂತು. ಚುರುಕು ಹುಡುಗರಿಗೆ ತಕ್ಕಂಥ ಕ್ರಮ ಅದು: ಕೈಯೆತ್ತಿದರೆ ಉಸಿರು ಒಳಗೆ, ಬಗ್ಗಿದರೆ ಉಸಿರು ಹೊರಗೆ. ಒಂದು ಆಸನದಿಂದ ಇನ್ನೊಂದಕ್ಕೆ ಎಣಿಕೆಯ ಮೇಲೆ ಸಾಗಬೇಕು. ಇದಕ್ಕೆ ವಿನ್ಯಾಸ ಅಂತ ಹೆಸರು. ಬೆಳ್ಳೂರಿನಿಂದ ಬಂದ ಅವರ ಭಾಮೈದ ಬಿ.ಕೆ.ಎಸ್. ಅಯ್ಯಂಗಾರ್ 1937ರಲ್ಲಿ ಪುಣೆಗೆ ಹೋಗಿ ಹೆಸರಾದರು. ಹೆಂಗಸಿಗೆ, ಅದರಲ್ಲೂ ವಿದೇಶಿಯಳಿಗೆ, ಕಲಿಸೋದಿಲ್ಲ ಎಂದು ಆಚಾರ್ಯರು ಮೊದಲು ಹಟ ಹಿಡಿದರೂ ಮಹಾರಾಜರ ಮಾತಿಗೆ ಕಟ್ಟುಬಿದ್ದು ಇಂದ್ರಾ ದೇವಿಗೆ ಕಲಿಸಿದರು. ಆಕೆ ಅದನ್ನು ಅಮೆರಿಕಕ್ಕೆ ಒಯ್ದರು.

1940ರಲ್ಲಿ ಮಹಾರಾಜರು ತೀರಿಕೊಂಡರು. ಸ್ವಾತಂತ್ರ್ಯ ಬಂದ ಮೇಲೆ ಅರಮನೆಯ ನೆರವು ಬತ್ತಿತು. 1950ರಲ್ಲಿ ಶಾಲೆಗೆ ಬೀಗ ಬಿತ್ತು. ಅರವತ್ತು ದಾಟಿದ ಮೇಷ್ಟ್ರು 1952ರಲ್ಲಿ ಮದ್ರಾಸಿನಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿದರು. ಅಲ್ಲಿ ಬಂದವರು ನೆಗೆಯುವ ಹುಡುಗರಲ್ಲ, ಕಾಯಿಲೆಯವರು, ವಯಸ್ಸಾದವರು. ಮೇಷ್ಟ್ರು ಪಾಠವನ್ನೇ ತಿದ್ದಿಕೊಂಡರು. ಆಸನಕ್ಕೆ ಮೈ ಬಗ್ಗಿಸೋದಲ್ಲ, ಒಬ್ಬೊಬ್ಬರ ಮೈಗೆ ತಕ್ಕಂತೆ ಆಸನವನ್ನೇ ಬಗ್ಗಿಸಿದರು.

1989ರ ಫೆಬ್ರವರಿ 28ರಂದು, ನೂರು ತುಂಬಿದ ಮೇಲೆ, ಮದ್ರಾಸಿನಲ್ಲೇ ಕಣ್ಮುಚ್ಚಿದರು. ವಿದ್ಯೆಗೆ ಬೆಲೆ ಕಟ್ಟಲಾಗದು ಅಂತೀವಿ, ನಿಜ. ಆದರೆ ವಿದ್ಯೆ ಹೇಳುವವರ ಮನೆಯಲ್ಲೂ ಒಲೆ ಉರಿಯಬೇಕು. ಅದನ್ನು ಮರೆತದ್ದಕ್ಕೇ ಮೈಸೂರಿನ ಮೇಷ್ಟ್ರು ಮದ್ರಾಸಿನ ಪಾಲಾದರು.