ಓದುಗನನ್ನೇ ಅಳತೆಗೋಲಾಗಿಸಿದ ಗ್ರಂಥಪಾಲ: ಡಾ. ಎಸ್. ಆರ್. ರಂಗನಾಥನ್

ಕೆರೆಯ ಹಿರಿಮೆಯನ್ನು ಅದರಲ್ಲಿ ನಿಂತ ನೀರಿನಿಂದ ಅಳೆಯುವುದು ಒಂದು ಬಗೆ. ಅದರ ಕೆಳಗಿನ ಹೊಲಗಳಲ್ಲಿ ಬೆಳೆದ ಪೈರಿನಿಂದ ಅಳೆಯುವುದು ಇನ್ನೊಂದು ಬಗೆ. ಇವುಗಳಲ್ಲಿ ಎರಡನೆಯದೇ ನಿಜವಾದ ಅಳತೆಯೆಂಬುದನ್ನು ಬಯಲುಸೀಮೆಯ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಗ್ರಂಥಾಲಯಗಳ ವಿಷಯದಲ್ಲಿ ನಮ್ಮ ದೇಶ ಬಹುಕಾಲ ಮೊದಲನೆಯ ಅಳತೆಯನ್ನೇ ನಂಬಿಕೊಂಡಿತ್ತು. ಎಷ್ಟು ಗ್ರಂಥಗಳಿವೆ, ಎಷ್ಟು ಕಪಾಟುಗಳಿವೆ, ಒಂದೂ ಕಳೆಯದಂತೆ ಎಷ್ಟು ಭದ್ರವಾಗಿ ಕಾಯ್ದಿಡಲಾಗಿದೆ ಎಂಬುದರ ಮೇಲೆ ಗ್ರಂಥಾಲಯದ ಯೋಗ್ಯತೆ ನಿರ್ಧಾರವಾಗುತ್ತಿತ್ತು. ಈ ಕಣ್ಣನ್ನು ಕಾಪಾಟಿನಿಂದ ಓದುಗನತ್ತ ತಿರುಗಿಸಿ, ಗ್ರಂಥಾಲಯ ಸೇವೆಯನ್ನು ಅಳೆಯುವ ಶಾಸ್ತ್ರವೊಂದನ್ನು ಕಟ್ಟಿದ ಮಹನೀಯರು ಡಾ. ಶಿಯಾಳಿ ರಾಮಾಮೃತ ರಂಗನಾಥನ್ ಅವರು.

ಅವರು ಜನಿಸಿದ್ದು 1892ರ ಆಗಸ್ಟ್ ತಿಂಗಳಿನಲ್ಲಿ, ಅಂದಿನ ಮದರಾಸು ಪ್ರಾಂತದ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡ ಬಾಲಕನಿಗೆ ಮಾತಿನಲ್ಲಿ ತೊದಲು ಬೇರೆ ಇತ್ತು. ಹಿರಿಯರ ಆಶ್ರಯದಲ್ಲಿ ಬೆಳೆದು, ಊರಿನ ಶಾಲೆಯಲ್ಲಿ ಓದಿ, ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. ಅಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದ ಎಡ್ವರ್ಡ್ ರಾಸ್ ಅವರು ಈ ಶಿಷ್ಯನ ಬುದ್ಧಿಯನ್ನು ಗುರುತಿಸಿದರು. ಗುರುಶಿಷ್ಯರ ಆ ಬಾಂಧವ್ಯ ಕಡೆಯವರೆಗೂ ಬಾಡಲಿಲ್ಲ. 1916ರಲ್ಲಿ ಗಣಿತದಲ್ಲಿ ಎಂ.ಎ. ಪದವಿ ಪಡೆದ ರಂಗನಾಥನ್ ಅವರು ಮರುವರ್ಷ ಅಧ್ಯಾಪಕರಾಗಿ ವೃತ್ತಿಜೀವನವನ್ನು ಆರಂಭಿಸಿದ್ದು ಕನ್ನಡ ನೆಲದಲ್ಲಿ, ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ. ಅಲ್ಲಿಂದ ಕೊಯಮತ್ತೂರಿಗೂ ಮುಂದೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೂ ಹೋದರು.

1924ರ ಜನವರಿಯಲ್ಲಿ ಅವರ ಬಾಳು ಅನಿರೀಕ್ಷಿತವಾದ ತಿರುವನ್ನು ಪಡೆಯಿತು. ಮದರಾಸು ವಿಶ್ವವಿದ್ಯಾಲಯ ಅವರನ್ನು ತನ್ನ ಮೊದಲ ಗ್ರಂಥಪಾಲರನ್ನಾಗಿ ನೇಮಿಸಿತು. ತುಂಬಿದ ತರಗತಿಗಳಲ್ಲಿ ಪಾಠ ಹೇಳಿದವರಿಗೆ, ಓದುಗರು ಅಪರೂಪಕ್ಕೆ ಸುಳಿಯುವ ಆ ಮೌನದ ಕೋಣೆ ಸೆರೆಮನೆಯಂತೆ ಕಂಡಿತು. ಕೆಲವೇ ದಿನಗಳಲ್ಲಿ ಬೇಸತ್ತು, ಹಳೆಯ ಕಾಲೇಜಿನ ಪ್ರಾಚಾರ್ಯರ ಬಳಿಗೆ ಹೋಗಿ, ಮರಳಿ ಅಧ್ಯಾಪನಕ್ಕೆ ಬರಲು ಅವಕಾಶ ಬೇಡಿದರು. ಮೊದಲು ಇಂಗ್ಲೆಂಡಿಗೆ ಹೋಗಿ ಗ್ರಂಥಾಲಯದ ಶಿಕ್ಷಣ ಪಡೆದು ಬರಲಿ, ಆಮೇಲೂ ಮನಸ್ಸು ಒಪ್ಪದಿದ್ದರೆ ಹಿಂದಿರುಗಬಹುದು ಎಂಬುದು ಅವರಿಗೆ ದೊರೆತ ಸಲಹೆ. ಆ ಸಲಹೆಯೇ ಭಾರತದ ಗ್ರಂಥಾಲಯ ಚರಿತ್ರೆಯನ್ನು ಬದಲಿಸಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬರ್ವಿಕ್ ಸೇಯರ್ಸ್ ಅವರ ಮಾರ್ಗದರ್ಶನದಲ್ಲಿ ಓದುತ್ತ, ಅವರು ಆ ದೇಶದ ಸುಮಾರು ನೂರು ಗ್ರಂಥಾಲಯಗಳನ್ನು ಕಣ್ಣಾರೆ ಕಂಡರು. ಒಂದನ್ನು ಇನ್ನೊಂದರೊಡನೆ ಹೋಲಿಸಿ ನೋಡಿದರು. ಮಕ್ಕಳಿಗೆ, ಕಾರ್ಮಿಕರಿಗೆ, ಗೃಹಿಣಿಯರಿಗೆ ಸಮನಾಗಿ ತೆರೆದ ಬಾಗಿಲುಗಳು ಅವರ ಮನಸ್ಸನ್ನು ಸೆಳೆದವು. ಆದರೆ ಒಂದೊಂದು ಗ್ರಂಥಾಲಯದಲ್ಲಿ ಒಂದೊಂದು ಪದ್ಧತಿ. ಯಾವುದು ಏಕೆ ಮೇಲು ಎಂದು ನಿರ್ಣಯಿಸಲು ಸರ್ವರೂ ಒಪ್ಪುವ ತತ್ತ್ವವೊಂದು ಎಲ್ಲಿಯೂ ಕಾಣಲಿಲ್ಲ. ಬೆರಳೆಣಿಕೆಯ ಮೂಲಸೂತ್ರಗಳಿಂದ ಉಳಿದೆಲ್ಲವನ್ನೂ ಸಾಧಿಸುವ ಶಾಸ್ತ್ರದಲ್ಲಿ ಪಳಗಿದ್ದ ಅವರಿಗೆ ಈ ಕೊರತೆ ನಿದ್ದೆಗೆಡಿಸಿತು. 1925ರಲ್ಲಿ ಸ್ವದೇಶಕ್ಕೆ ಮರಳಿದಾಗ ಅಧ್ಯಾಪನದ ಹಂಬಲ ಅಳಿದುಹೋಗಿತ್ತು.

ಮದರಾಸಿನಲ್ಲಿ ಅವರು ಬೀಗ ಹಾಕಿದ ಕಪಾಟುಗಳನ್ನು ತೆರೆಸಿದರು. ಓದುಗರು ತಾವೇ ಒಳಹೋಗಿ ಬೇಕಾದುದನ್ನು ಆರಿಸಿಕೊಳ್ಳುವ ವ್ಯವಸ್ಥೆಯನ್ನು ತಂದರು. ಗ್ರಂಥಾಲಯ ತೆರೆದಿರುವ ಹೊತ್ತನ್ನು ಹೆಚ್ಚಿಸಿದರು. ಬಂದವರನ್ನು ಎದುರುಗೊಂಡು, ಅವರ ಅಗತ್ಯವನ್ನರಿತು ನೆರವಾಗುವ ಸಿಬ್ಬಂದಿಯನ್ನು ಸಿದ್ಧಗೊಳಿಸಿದರು. ಇದೆಲ್ಲದರ ಹಿಂದಿನ ತತ್ತ್ವ ಯಾವುದೆಂದು ಚಿಂತಿಸುತ್ತಿರುವಾಗ, 1928ರಲ್ಲಿ ಗುರುಗಳಾದ ರಾಸ್ ಅವರೊಡನೆ ನಡೆದ ಮಾತುಕತೆಯಲ್ಲಿ ಮೊದಲ ಸೂತ್ರ ಹೊಳೆಯಿತು. ಉಳಿದ ನಾಲ್ಕು ಅದರಿಂದಲೇ ಕವಲೊಡೆದವು. 1931ರಲ್ಲಿ ಗ್ರಂಥರೂಪದಲ್ಲಿ ಹೊರಬಂದ ಈ ಪಂಚಸೂತ್ರಗಳು ಇಂದಿಗೂ ಜಗತ್ತಿನ ಗ್ರಂಥಾಲಯ ಶಿಕ್ಷಣದ ಅಡಿಗಲ್ಲುಗಳಾಗಿವೆ.

ಈ ಸೂತ್ರಗಳನ್ನು ಬರಿಯ ನೀತಿವಾಕ್ಯಗಳೆಂದು ಬಗೆಯುವವರಿದ್ದಾರೆ. ವಾಸ್ತವವಾಗಿ ಅವು ಐದು ಪರೀಕ್ಷೆಗಳು. ಗ್ರಂಥವಿರುವುದು ಬಳಕೆಗೆಂದಾದರೆ, ವರ್ಷವಿಡೀ ಎಷ್ಟು ಗ್ರಂಥಗಳು ಕಪಾಟಿನಿಂದ ಕದಲಿದವು ಎಂದು ಕೇಳಬೇಕಾಗುತ್ತದೆ. ಪ್ರತಿಯೊಬ್ಬ ಓದುಗನಿಗೂ ಅವನ ಗ್ರಂಥ ಸಿಗಬೇಕೆಂದಾದರೆ, ಬರಿಗೈಯಲ್ಲಿ ಹಿಂದಿರುಗಿದವರೆಷ್ಟು ಎಂಬುದನ್ನು ಎಣಿಸಬೇಕಾಗುತ್ತದೆ. ಪ್ರತಿಯೊಂದು ಗ್ರಂಥಕ್ಕೂ ಅದರ ಓದುಗ ದೊರೆಯಬೇಕೆಂದಾದರೆ, ಯಾರ ಕೈಯೂ ಸೋಕದ ಗ್ರಂಥಗಳೆಷ್ಟು ಎಂದು ಹುಡುಕಬೇಕಾಗುತ್ತದೆ. ಓದುಗನ ಸಮಯ ಉಳಿಯಬೇಕೆಂದಾದರೆ, ಕೇಳಿದ ಗ್ರಂಥ ಕೈಸೇರಲು ಎಷ್ಟು ನಿಮಿಷ ಹಿಡಿಯಿತೆಂದು ನೋಡಬೇಕಾಗುತ್ತದೆ. ಗ್ರಂಥಾಲಯ ಬೆಳೆಯುವ ಜೀವಿಯೆಂದಾದರೆ, ಕಳೆದ ವರ್ಷದ ಲೆಕ್ಕವನ್ನು ಈ ವರ್ಷದ ಲೆಕ್ಕದೊಡನೆ ಇಟ್ಟು ನೋಡಬೇಕಾಗುತ್ತದೆ. ಹತ್ತು ಸಾವಿರ ಗ್ರಂಥಗಳಿದ್ದು ವರ್ಷಕ್ಕೆ ಎರಡು ಸಾವಿರ ಸಲ ಮಾತ್ರ ಎರವಲು ಹೋಗುವ ಗ್ರಂಥಾಲಯಕ್ಕಿಂತ, ಎರಡೇ ಸಾವಿರ ಗ್ರಂಥಗಳಿದ್ದು ಆರು ಸಾವಿರ ಸಲ ಎರವಲು ಹೋಗುವ ಗ್ರಂಥಾಲಯ ಹೆಚ್ಚು ಕೆಲಸ ಮಾಡಿದೆ ಎಂಬುದು ಈ ದೃಷ್ಟಿಯಿಂದ ನೋಡಿದವರಿಗೆ ಮಾತ್ರ ತೋರುತ್ತದೆ.

ಓದುಗ ಗ್ರಂಥಾಲಯಕ್ಕೆ ಬರಲಾರದಿದ್ದರೆ ಗ್ರಂಥಾಲಯವೇ ಅವನಲ್ಲಿಗೆ ಹೋಗಬೇಕೆಂಬುದು ಇದೇ ವಿಚಾರದ ಮುಂದುವರಿಕೆ. 1928ರಲ್ಲಿ ಸ್ಥಾಪನೆಯಾದ ಮದರಾಸು ಗ್ರಂಥಾಲಯ ಸಂಘದ ಚಟುವಟಿಕೆಗಳಿಗೆ ಅವರು ಜೀವಾಳವಾಗಿದ್ದರು. ಆ ಕಾಲದಲ್ಲಿಯೇ, 1931ರಲ್ಲಿ, ಮನ್ನಾರ್ಗುಡಿಯ ಸುತ್ತಲಿನ ಹಳ್ಳಿಗಳಿಗೆ ಎತ್ತಿನ ಬಂಡಿಯಲ್ಲಿ ಪುಸ್ತಕಗಳು ಹೊರಟವು. ಹಳ್ಳಿಗನಿಗೆ ಓದಿನ ಆಸೆಯಿಲ್ಲವೆಂಬ ಪಟ್ಟಣಿಗರ ನಂಬಿಕೆಯನ್ನು ಆ ಬಂಡಿ ಪರೀಕ್ಷೆಗೆ ಒಡ್ಡಿತು.

1933ರಲ್ಲಿ ಕೋಲನ್ ವರ್ಗೀಕರಣ ಪದ್ಧತಿಯನ್ನೂ ಮರುವರ್ಷ ಸೂಚೀಕರಣದ ನಿಯಮಗಳನ್ನೂ ಅವರು ಪ್ರಕಟಿಸಿದರು. ಜಗತ್ತಿನ ಬಹುಪಾಲು ಗ್ರಂಥಾಲಯಗಳು ಹಳೆಯ ಡ್ಯೂಯಿ ಪದ್ಧತಿಯನ್ನೇ ಉಳಿಸಿಕೊಂಡವೆಂಬುದು ನಿಜ. ಆದರೂ ವಿಷಯವನ್ನು ಅದರ ಮುಖಗಳಾಗಿ ಬಿಡಿಸಿ ನೋಡುವ ಅವರ ಕ್ರಮ ಹಲವು ದೇಶಗಳ ವಿದ್ವಾಂಸರ ಮೇಲೆ ಪ್ರಭಾವ ಬೀರಿತು. ಎರಡು ದಶಕಗಳ ಸೇವೆಯ ತರುವಾಯ ಮದರಾಸನ್ನು ಬಿಟ್ಟು, 1945ರಿಂದ 1947ರವರೆಗೆ ಬನಾರಸ ಹಿಂದೂ ವಿಶ್ವವಿದ್ಯಾಲಯದಲ್ಲಿಯೂ 1947ರಿಂದ 1954ರವರೆಗೆ ದಿಲ್ಲಿ ವಿಶ್ವವಿದ್ಯಾಲಯದಲ್ಲಿಯೂ ದುಡಿದರು. ಬನಾರಸದಲ್ಲಿ ಸುಮಾರು ಒಂದು ಲಕ್ಷ ಗ್ರಂಥಗಳ ವರ್ಗೀಕರಣವನ್ನು ಬಹುಮಟ್ಟಿಗೆ ಏಕಾಂಗಿಯಾಗಿ ನಡೆಸಿದರು.

1948ರಲ್ಲಿ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದಲ್ಲಿ ಕೂಡಿದ ಆಸ್ಲಿಬ್ ಸಮ್ಮೇಳನದಲ್ಲಿ ಅವರು ಹೊಸದೊಂದು ಶಾಸ್ತ್ರಕ್ಕೆ ನಾಮಕರಣ ಮಾಡಿದರು. ಜೀವಶಾಸ್ತ್ರಕ್ಕೆ ಬಯೋಮೆಟ್ರಿ, ಅರ್ಥಶಾಸ್ತ್ರಕ್ಕೆ ಇಕನಾಮೆಟ್ರಿ ಇರುವಂತೆ ಗ್ರಂಥಾಲಯಕ್ಕೆ ಲೈಬ್ರಾಮೆಟ್ರಿ ಬೇಕೆಂದು, ಸಂಖ್ಯಾಶಾಸ್ತ್ರದ ಬೆಳಕಿನಲ್ಲಿ ಗ್ರಂಥಾಲಯದ ಕೆಲಸವನ್ನು ಪರಿಶೀಲಿಸಬೇಕೆಂದು ಪ್ರತಿಪಾದಿಸಿದರು. ಸಿಬ್ಬಂದಿಯ ಸಂಖ್ಯೆಯನ್ನು ಗೊತ್ತುಪಡಿಸುವ ಅವರ ಸೂತ್ರ ಈ ದೃಷ್ಟಿಗೆ ಒಳ್ಳೆಯ ನಿದರ್ಶನ. ಪುಸ್ತಕ ಕೊಡುವ-ಪಡೆಯುವ ಕಟ್ಟೆ ವರ್ಷದಲ್ಲಿ ತೆರೆದಿರುವ ಪ್ರತಿ 1500 ತಾಸುಗಳಿಗೆ ಒಬ್ಬರು. ಓದುಗರಿಗೆ ನೆರವಾಗಲು ದಿನಕ್ಕೆ 50 ಓದುಗರಿಗೆ ಒಬ್ಬರು, ಕೆಲಸದ ದಿನಗಳು 250ನ್ನು ಮೀರಿದರೆ ಅದೇ ಪ್ರಮಾಣದಲ್ಲಿ ಹೆಚ್ಚು. ಮುಂಡರಗಿ ಅಥವಾ ಶಿರಹಟ್ಟಿಯಂಥ ಊರಿನ ವಾಚನಾಲಯವೊಂದು ವರ್ಷಕ್ಕೆ 300 ದಿನ, ದಿನಕ್ಕೆ 8 ತಾಸು ತೆರೆದಿದ್ದು, ನಿತ್ಯ 100 ಓದುಗರನ್ನು ಬರಮಾಡಿಕೊಳ್ಳುವುದೆಂದು ಭಾವಿಸೋಣ. ಕಟ್ಟೆಗೆ 1.6, ಓದುಗರ ನೆರವಿಗೆ 2.4, ಕೂಡಿಸಿದರೆ ನಾಲ್ವರು ಬೇಕೆಂದು ಸೂತ್ರ ಹೇಳುತ್ತದೆ. ಅಲ್ಲಿ ಒಬ್ಬರೇ ಇದ್ದರೆ, ಸೇವೆ ಕುಂದಿದ ತಪ್ಪು ಆ ಒಬ್ಬರದಲ್ಲವೆಂಬುದನ್ನು ಇದೇ ಲೆಕ್ಕ ಸಾರುತ್ತದೆ. ಅಳತೆಯೆಂಬುದು ದುಡಿಯುವವನನ್ನು ದಂಡಿಸುವ ಬೆತ್ತವಾಗದೆ ಅವನಿಗೆ ಆಸರೆಯ ಕೋಲಾಗಬೇಕೆಂಬುದು ಅವರ ಸೂತ್ರದ ಒಳದನಿ.

1957ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ ರಚಿಸಿದ ಗ್ರಂಥಾಲಯ ಸಮಿತಿಗೆ ಅವರೇ ಅಧ್ಯಕ್ಷರಾದರು. 1959ರಲ್ಲಿ ಪ್ರಕಟವಾದ ವರದಿ, ಗ್ರಂಥಗಳಿಗಾಗಿ ಪ್ರತಿ ವಿದ್ಯಾರ್ಥಿಗೆ 15 ರೂಪಾಯಿ, ಪ್ರತಿ ಅಧ್ಯಾಪಕರಿಗೆ 200 ರೂಪಾಯಿಗಳಂತೆ ಅನುದಾನವನ್ನು ಸೂಚಿಸಿತು. ದಯೆಯಿಂದ ಬರುತ್ತಿದ್ದ ಹಣ, ತಲೆಯೆಣಿಕೆಯಿಂದ ಬರಬೇಕಾದ ಹಕ್ಕಾಗಿ ಮಾರ್ಪಟ್ಟಿತು.

ಸಾರ್ವಜನಿಕ ಗ್ರಂಥಾಲಯಗಳಿಗೂ ಇಂಥದೇ ಕಾನೂನಿನ ಆಸರೆ ಬೇಕೆಂದು 1930ರಷ್ಟು ಹಿಂದೆಯೇ ಬನಾರಸದ ಶಿಕ್ಷಣ ಸಮ್ಮೇಳನದಲ್ಲಿ ಅವರು ಮಾದರಿ ಮಸೂದೆಯೊಂದನ್ನು ಮಂಡಿಸಿದ್ದರು. 1948ರಲ್ಲಿ ಮದರಾಸು ಪ್ರಾಂತದಲ್ಲಿ ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯದೆ ಅಸ್ತಿತ್ವಕ್ಕೆ ಬಂದಿತು. 1956ರಲ್ಲಿ ಕನ್ನಡ ನಾಡು ಒಂದಾದಾಗ ಅದರ ಭಾಗಗಳು ಈ ವಿಷಯದಲ್ಲಿ ಸಮನಾಗಿರಲಿಲ್ಲ. ದಕ್ಷಿಣ ಕನ್ನಡಕ್ಕೆ ಮದರಾಸಿನ ಕಾಯದೆ ಇತ್ತು. ಹೈದರಾಬಾದ ಕರ್ನಾಟಕಕ್ಕೆ 1955ರ ಹೈದರಾಬಾದ ಕಾಯದೆ ಇತ್ತು. ಮುಂಬಯಿ ಪ್ರಾಂತದಿಂದ ಬಂದ ಗದಗ-ಬೆಟಗೇರಿ, ಮುಂಡರಗಿಗಳಿಗಾಗಲಿ, ಹಿಂದೆ ಮಿರಜ ಮತ್ತು ಸಾಂಗಲಿ ಸಂಸ್ಥಾನಗಳಿಗೆ ಸೇರಿದ್ದ ಲಕ್ಷ್ಮೇಶ್ವರ, ಶಿರಹಟ್ಟಿಗಳಿಗಾಗಲಿ ಅಂಥ ಕಾಯದೆಯ ರಕ್ಷಣೆ ಇರಲಿಲ್ಲ. ಒಂದೇ ಭಾಷೆಯ ಮಕ್ಕಳಲ್ಲಿ ಕೆಲವರಿಗೆ ಗ್ರಂಥಾಲಯ ಕಾನೂನಿನ ಹಕ್ಕು, ಕೆಲವರಿಗೆ ಉದಾರಿಗಳ ಕೊಡುಗೆ. ರಂಗನಾಥನ್ ಅವರ ಮಾರ್ಗದರ್ಶನದಲ್ಲಿ ರೂಪುಗೊಂಡ 1965ರ ಸಾರ್ವಜನಿಕ ಗ್ರಂಥಾಲಯ ಕಾಯದೆ ಈ ಭೇದವನ್ನು ತೊಡೆದು, ಇಡೀ ನಾಡಿಗೆ ಒಂದೇ ವ್ಯವಸ್ಥೆಯನ್ನೂ ಅದರ ಪೋಷಣೆಗೆ ಗ್ರಂಥಾಲಯ ಕರವನ್ನೂ ವಿಧಿಸಿತು.

ಅಷ್ಟರಲ್ಲಿ ಅವರು ಬೆಂಗಳೂರಿನಲ್ಲಿ ನೆಲೆಸಿದ್ದರು. ಪಿ. ಸಿ. ಮಹಲನೋಬಿಸ್ ಅವರ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯ ಅಂಗವಾಗಿ 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನ ಮತ್ತು ತರಬೇತಿ ಕೇಂದ್ರವನ್ನು ತೆರೆದು, ಇಳಿವಯಸ್ಸಿನಲ್ಲಿಯೂ ಶಿಷ್ಯರನ್ನು ತಿದ್ದಿ ಬೆಳೆಸಿದರು. 1957ರಲ್ಲಿ ಪದ್ಮಶ್ರೀ, 1965ರಲ್ಲಿ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕ ಗೌರವ ಅವರನ್ನು ಅರಸಿ ಬಂದವು. ಬದುಕು ಮಾತ್ರ ಮೊದಲಿನಂತೆಯೇ ಸರಳ. ಉಳಿಸಿದ ಹಣದಲ್ಲಿ ಒಂದು ಲಕ್ಷ ರೂಪಾಯಿಗಳನ್ನು ಗ್ರಂಥಾಲಯ ವಿಜ್ಞಾನದ ಪೀಠಕ್ಕಾಗಿ ಮದರಾಸು ವಿಶ್ವವಿದ್ಯಾಲಯಕ್ಕೆ ನೀಡಿದರು. 1961ರಲ್ಲಿ ಪತ್ನಿ ಶಾರದಾ ಅವರ ಹೆಸರನ್ನೂ ಕೂಡಿಸಿ ದತ್ತಿಯೊಂದನ್ನು ಸ್ಥಾಪಿಸಿದರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ಕಾಲವಾದರು. ಆಗಸ್ಟ್ 12ನ್ನು ಗ್ರಂಥಪಾಲಕರ ದಿನವಾಗಿ ದೇಶ ಆಚರಿಸುತ್ತಿರುವುದು ಅವರ ನೆನಪಿಗಾಗಿಯೇ.

ಅವರ ಕಾಲಾನಂತರ ಅಳತೆಯ ಶಾಸ್ತ್ರ ಬಹಳ ಬೆಳೆದಿದೆ. ಸೇವೆ ಎಷ್ಟು ಚೆನ್ನಾಗಿದೆ ಎಂಬುದು ಒಂದು ಪ್ರಶ್ನೆ, ಅದರಿಂದ ಎಷ್ಟು ಒಳಿತಾಯಿತು ಎಂಬುದು ಬೇರೊಂದು ಪ್ರಶ್ನೆ ಎಂದು 1973ರಲ್ಲಿ ರಿಚರ್ಡ್ ಓರ್ ವಿಂಗಡಿಸಿದರು. 2000ದ ಹೊತ್ತಿಗೆ ಅಮೆರಿಕದಲ್ಲಿ ರೂಪುಗೊಂಡ ಲಿಬ್‌ಕ್ವಾಲ್ ಎಂಬ ಕ್ರಮದಲ್ಲಿ, ಕನಿಷ್ಠ ಪಕ್ಷ ಏನಿರಬೇಕು, ಏನಿದ್ದರೆ ಚೆನ್ನ, ಈಗ ದೊರೆಯುತ್ತಿರುವುದೇನು ಎಂದು ಓದುಗರನ್ನೇ ಕೇಳಿ, ಆ ಮೂರರ ನಡುವಣ ಅಂತರವನ್ನು ಗುರುತಿಸುತ್ತಾರೆ. ಉಪಕರಣಗಳು ಹೊಸವು, ತಕ್ಕಡಿ ಹಿಡಿಯಬೇಕಾದವನು ಓದುಗನೇ ಎಂಬ ವಿಚಾರ ಮಾತ್ರ 1931ರಷ್ಟು ಹಳೆಯದು.

ಗದಗ 1997ರಲ್ಲಿ ಜಿಲ್ಲೆಯಾಯಿತು. 2019ರ ತರುವಾಯ ರಾಜ್ಯದ ಗ್ರಾಮ ಗ್ರಂಥಾಲಯಗಳು ಪಂಚಾಯತಿಗಳ ಆಡಳಿತಕ್ಕೆ ಸೇರಿ ಅರಿವು ಕೇಂದ್ರಗಳೆನಿಸಿದವು. ಫಲಕ ಬದಲಾದರೂ ಪರೀಕ್ಷೆ ಬದಲಾಗುವುದಿಲ್ಲ. ಶಾಲೆಯ ಗ್ರಂಥಾಲಯಕ್ಕೂ ಆ ಪರೀಕ್ಷೆ ತಪ್ಪಿದ್ದಲ್ಲ. ದಾನಿಗಳು ಕೊಟ್ಟ ಗ್ರಂಥದ ಮೊದಲ ಪುಟದಲ್ಲಿ ಅವರ ಹೆಸರು ಇರುವುದು ಸಂಪ್ರದಾಯ. ಅದೇ ಗ್ರಂಥದ ಕೊನೆಯ ಪುಟದ ಚೀಟಿಯಲ್ಲಿ ಓದಿದ ಮಕ್ಕಳ ತಾರೀಖುಗಳು ಸಾಲಾಗಿ ಬಿದ್ದಾಗಲೇ ಆ ದಾನ ಪೂರ್ಣವಾಗುವುದು. ಆ ಚೀಟಿಯನ್ನು ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ಕಂಡ ಲೆಕ್ಕವನ್ನು ಮರೆಮಾಚದೆ ಬರೆದಿಡುವ ಶಾಲೆ ಆ ಮಹನೀಯರ ಋಣವನ್ನು ಸ್ವಲ್ಪಮಟ್ಟಿಗಾದರೂ ತೀರಿಸಿದಂತಾಗುತ್ತದೆ.