ಪಿನಾರ್ ಕೊಳವೆಯ ಕತೆ: ಹೆರಿಗೆ ಕೋಣೆಯಲ್ಲಿ ಕೇಳಿಸಿಕೊಳ್ಳುವವರು ಯಾರು?

ನರ್ಸಿಂಗ್ ಕಲಿಯುವಾಗ ನನ್ನ ಕೈಗೆ ಬಂದ ಮೊದಲ ಸಲಕರಣೆಗಳಲ್ಲಿ ಒಂದು ಗೇಣುದ್ದದ ಅಲ್ಯುಮಿನಿಯಂ ಕೊಳವೆ. ಅದರ ಅಗಲದ ತುದಿಯನ್ನು ಬಸುರಿಯ ಹೊಟ್ಟೆ ಮೇಲಿಟ್ಟು, ಚಪ್ಪಟೆ ತುದಿಗೆ ಕಿವಿ ಆನಿಸಬೇಕು. ಮೊದಮೊದಲು ಏನೂ ಕೇಳಿಸುತ್ತಿರಲಿಲ್ಲ. ಒಂದು ದಿನ ದಿಂಬಿನಡಿಯ ಗಡಿಯಾರದ ಹಾಗೆ ಮಗುವಿನ ಎದೆಬಡಿತ ಕೇಳಿಸಿತು. ನಾವು ಫೀಟೋಸ್ಕೋಪ್ ಅಂತಿದ್ದ ಅದಕ್ಕೆ ಪಿನಾರ್ಡ್ ಕೊಳವೆ ಅಂತಲೂ ಹೆಸರು. ಆ ಪಿನಾರ್ಡ್ ಯಾರು ಅಂತ ನಾನು ಕೇಳಲೇ ಇಲ್ಲ. ಓದಿ ತಿಳಿದದ್ದು ಎಷ್ಟೋ ವರ್ಷದ ಮೇಲೆ.

ಫ್ರೆಂಚರ ಬಾಯಲ್ಲಿ ಆತ ಅಡಾಲ್ಫ್ ಪಿನಾರ್. ಹುಟ್ಟಿದ್ದು 1844ರಲ್ಲಿ, ಫ್ರಾನ್ಸಿನ ಶಾಂಪೇನ್ ಸೀಮೆಯ ಮೆರಿ-ಸುರ್-ಸೆನ್ ಎಂಬ ಪುಟ್ಟ ಊರಲ್ಲಿ. ಪ್ಯಾರಿಸ್‌ನಲ್ಲಿ ಹೆರಿಗೆ ವೈದ್ಯನಾಗಿ, ಮುಂದೆ ಅಲ್ಲಿನ ಬೋದ್‌ಲೋಕ್ ಹೆರಿಗೆ ಆಸ್ಪತ್ರೆಯಲ್ಲಿ ಪ್ರೊಫೆಸರ್ ಆದ. ಹೊಟ್ಟೆಯೊಳಗಿನ ಬಡಿತವನ್ನು ಮೊದಲು ಕೇಳಿದ್ದು ಆತನಲ್ಲ. 1818ರಲ್ಲೇ ಜಿನೀವಾದ ಮೇಯರ್ ಎಂಬ ವೈದ್ಯ ಅದನ್ನು ವರದಿ ಮಾಡಿದ್ದ. 1821ರಲ್ಲಿ ಪ್ಯಾರಿಸ್‌ನ ಕೆರ್ಗರಾಡೆಕ್ ಮತ್ತೆ ಕೇಳಿಸಿಕೊಂಡು ವೈದ್ಯ ಲೋಕದ ಮುಂದಿಟ್ಟ.

ಪಿನಾರ್ ಮಾಡಿದ್ದು ಇನ್ನೊಂದು ಕೆಲಸ. 1878ರಲ್ಲಿ ಆತ ಬರೆದ ಪುಸ್ತಕ ಕಲಿಸುವುದು, ಹೊಟ್ಟೆಯನ್ನು ಹೊರಗಿನಿಂದ ಕೈಯಲ್ಲಿ ಮುಟ್ಟಿ ಮಗು ಹೇಗೆ ಮಲಗಿದೆ ಅಂತ ತಿಳಿಯೋದನ್ನು. ಮಗುವಿನ ಬೆನ್ನು ಎಲ್ಲಿದೆ ಅಂತ ಗೊತ್ತಾದರೆ ಬಡಿತ ಸ್ಪಷ್ಟವಾಗಿ ಎಲ್ಲಿ ಸಿಗುತ್ತದೆ ಅಂತಲೂ ಗೊತ್ತಾಗುತ್ತದೆ. ಅಂದರೆ ಮೊದಲು ಕೈ, ಆಮೇಲೆ ಕಿವಿ.

ಎಣಿಸೋದು ಸುಲಭ, ಅರ್ಥ ಮಾಡಿಕೊಳ್ಳೋದು ಕಷ್ಟ. ನಿಮಿಷಕ್ಕೆ 110ರಿಂದ 160 ಬಡಿತ ಸಾಮಾನ್ಯ. ಆದರೆ ನೋವು ಬಂದಾಗ ಗರ್ಭಕೋಶ ಬಿಗಿಯುತ್ತದೆ, ಮಾಸಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ. ಗಟ್ಟಿಯಾಗಿರುವ ಮಗು ಅದನ್ನು ತಡೆದುಕೊಳ್ಳುತ್ತದೆ. ನೋವು ಇಳಿದ ಮೇಲೂ ಬಡಿತ ತಗ್ಗಿಯೇ ಇದ್ದು, ಪ್ರತಿ ನೋವಿಗೂ ಹಾಗೇ ಆಗುತ್ತಿದ್ದರೆ ಮಗುವಿಗೆ ಆಮ್ಲಜನಕ ಸಾಲುತ್ತಿಲ್ಲ ಅನ್ನುವ ಸೂಚನೆ. ಅದಕ್ಕೇ ನೋವು ಮುಗಿದ ಕೂಡಲೇ ಕಿವಿ ತೆಗೆಯಬಾರದು. ತಾಯಿಯ ನಾಡಿಯನ್ನೂ ಹಿಡಿದಿರಬೇಕು, ಇಲ್ಲದಿದ್ದರೆ ಅವಳ ಬಡಿತವನ್ನೇ ಮಗುವಿನದು ಅಂದುಕೊಳ್ಳುವ ಅಪಾಯವಿದೆ.

ಪಿನಾರ್ ಹೊಟ್ಟೆಯಾಚೆಗೂ ನೋಡಿದ. ಕೊನೆ ದಿನದವರೆಗೂ ನಿಂತೇ ದುಡಿದ ಹೆಂಗಸರ ಮಕ್ಕಳಿಗಿಂತ, ಹೆರಿಗೆಗೆ ಮುಂಚೆ ವಿಶ್ರಾಂತಿ ಸಿಕ್ಕವರ ಮಕ್ಕಳು ಹೆಚ್ಚು ತೂಕ ಇರುತ್ತವೆ ಅಂತ 1895ರಲ್ಲೇ ಲೆಕ್ಕ ಕೊಟ್ಟ. ಬಡ ಕೆಲಸಗಾರ್ತಿಗೆ ವಿಶ್ರಾಂತಿ ಹಕ್ಕಾಗಬೇಕು ಅಂತ ವಾದಿಸಿದ. 1913ರಲ್ಲಿ ಫ್ರಾನ್ಸ್ ಹೆರಿಗೆ ವಿಶ್ರಾಂತಿಯ ಕಾನೂನು ತಂದಿತು. ಮೊದಲ ಮಹಾಯುದ್ಧದ ನಂತರ ಆತ ಸಂಸತ್ ಸದಸ್ಯನೂ ಆದ.

ಆದರೆ ಆತನನ್ನು ದೇವರು ಮಾಡೋದು ಬೇಡ. 1912ರಲ್ಲಿ ಹುಟ್ಟಿದ ಫ್ರಾನ್ಸಿನ ಸುಜನನ ಸಂಘದ ಮುಂದಾಳುಗಳಲ್ಲಿ ಆತನೂ ಒಬ್ಬ. ಯಾರು ಹೆರಬೇಕು, ಯಾರು ಹೆರಬಾರದು ಅಂತ ತೀರ್ಮಾನಿಸ ಹೊರಟ ಸುಜನನವಾದ ಮುಂದೆ ಎಂಥ ಕ್ರೌರ್ಯಕ್ಕೆ ದಾರಿ ಮಾಡಿತು ಅಂತ ಜಗತ್ತು ಕಂಡಿದೆ. ತಾಯಿಯ ಮೇಲಿನ ಕಾಳಜಿ ಮತ್ತು ಜನಾಂಗದ ಗೀಳು ಒಬ್ಬನ ತಲೆಯಲ್ಲೇ ಇದ್ದವು. 1934ರಲ್ಲಿ ಆತ ತೀರಿಕೊಂಡ.

ಈಗ ನಿರಂತರವಾಗಿ ಬಡಿತ ಬರೆಯುವ ಸಿಟಿಜಿ ಯಂತ್ರ ಇದೆ. ತೊಡಕಿನ ಹೆರಿಗೆಗಳಲ್ಲಿ ಅದು ಬೇಕು. ಆದರೆ ಆರೋಗ್ಯವಂತ ತಾಯಿಯ ಸಹಜ ಹೆರಿಗೆಗೆ ಅದನ್ನು ಕಟ್ಟಿಡುವುದು ಬೇಡ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಿರಂತರ ಸಿಟಿಜಿಯಿಂದ ನವಜಾತ ಶಿಶುಗಳಲ್ಲಿ ಫಿಟ್ಸ್ ಕಡಿಮೆಯಾಗುತ್ತದೆ, ನಿಜ. ಆದರೆ ಶಿಶು ಮರಣ ಕಡಿಮೆಯಾದದ್ದು ಅಧ್ಯಯನಗಳಲ್ಲಿ ಕಂಡಿಲ್ಲ, ಸಿಸೇರಿಯನ್ ಮಾತ್ರ ಹೆಚ್ಚಿದೆ. ಅದರ ಬದಲು ಕೊಳವೆ ಅಥವಾ ಡಾಪ್ಲರ್‌ನಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ, ಮುಕ್ಕುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ, ಪ್ರತಿ ಸಲ ಕನಿಷ್ಠ 1 ನಿಮಿಷ ಕೇಳಬೇಕು.

ಇಲ್ಲೇ ನನ್ನ ತಕರಾರು. ಒಂದು ರಾತ್ರಿ ಪಾಳಿಯಲ್ಲಿ ಮೂವರಿಗೆ ನೋವು ಶುರುವಾಗಿತ್ತು, ನಾನೊಬ್ಬಳೇ ಇದ್ದೆ. ಒಬ್ಬಳು ಮುಕ್ಕತೊಡಗಿದಳು. ಅವಳ ಪಕ್ಕದಿಂದ ಏಳುವ ಹಾಗಿರಲಿಲ್ಲ. ಉಳಿದಿಬ್ಬರ ಹಾಳೆಯಲ್ಲಿ, ಕೇಳದೆಯೇ, 140 ಅಂತ ಬರೆದೆ. ಮಕ್ಕಳು ಚೆನ್ನಾಗಿಯೇ ಹುಟ್ಟಿದವು. ಅದು ನನ್ನ ಅದೃಷ್ಟ, ನನ್ನ ಕೆಲಸದ ಫಲ ಅಲ್ಲ. ಆ ಸುಳ್ಳು ಸಂಖ್ಯೆ ಇವತ್ತಿಗೂ ಚುಚ್ಚುತ್ತದೆ.

ತಪ್ಪು ನನ್ನದೇ. ಆದರೆ ಒಬ್ಬಳೇ ಮೂರು ಹಾಸಿಗೆ ನೋಡುವ ವ್ಯವಸ್ಥೆಯಲ್ಲಿ ಅಂಥ ತಪ್ಪು ಮತ್ತೆ ಮತ್ತೆ ಆಗುತ್ತದೆ. ಪಿನಾರ್ ಕೊಳವೆಯನ್ನು ದೂರ ಕೂತು ಬಳಸಲು ಆಗದು. ತಾಯಿಯ ಪಕ್ಕ ಬಂದು, ಬಾಗಿ, ಒಂದು ನಿಮಿಷ ಸುಮ್ಮನಿರಲೇಬೇಕು. ಯಂತ್ರ ಕೊಳ್ಳಲು ಟೆಂಡರ್ ಕರೆಯುವ ನಾವು, ಆ ಒಂದು ನಿಮಿಷ ಕೊಡಬಲ್ಲ ನರ್ಸ್‌ಗಳನ್ನು ಯಾವಾಗ ನೇಮಿಸುತ್ತೇವೆ?